ಇದೊಂದೇ ಕೊನೆ ಅಂತೀರಲ್ಲ ರೈಟ್ರೇ!

ಹೋದ ಸಂಚಿಕೆಯಲ್ಲಿ ಒಬ್ರು ಕಾರ್ಟ್ರಿಜ್ ರೇಜರ್ (ಬ್ಲೇಡಿರೋ ತಲೆನೇ ತೆಗೆದು ಬದಲಾಯಿಸೋ ಥರದ್ದು) ರೇಟು ಕೈಗೆಟುಕ್ತಿಲ್ಲ ಏನ್ಮಾಡೋದು ಅಂತ ಕೇಳಿದ್ರು, ಹಳೇ ಕಾಲದ ಒಂದೇ ಬ್ಲೇಡಿನ ಶೇವಿಂಗ್ ಸೆಟ್ಟು, ಒಂದು ಬ್ರಶ್ಶು, ಒಂದು ಕ್ರೀಮು ತಗೊಳ್ಳಿ ಸಾಕು ಅಂತ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ನಾಲ್ಕನ್ನ ಈ ಸಲ ಹಾಕ್ತಿದೀವಿ. ಮೊದಲನೇದಕ್ಕೆ ಜಾಗ ಜಾಸ್ತಿ ಹೋಗಿದೆ, ಉಳಿದವ್ರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಣ್ಣ, ನಾನು ಕೊಡಗಿನ ಸಿದ್ದಾಪುರ ಕಡೆ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರು. ದುಡ್ಡು ಉಳಿಸೋಣ ಅಂತಾನೇ ಎರಡು ವರ್ಷದ ಹಿಂದೆ ಕಾರ್ಟ್ರಿಜ್ ಬಿಟ್ಟು ₹400ರ ಒಂದು ಶೇವಿಂಗ್ ಸೆಟ್ ತರಿಸ್ಕೊಂಡೆ, ಚೆನ್ನಾಗೇ ಇತ್ತು. ಆಮೇಲೆ ರಾತ್ರಿ ಮಲಗೋ ಮುಂಚೆ ಯೂಟ್ಯೂಬಲ್ಲಿ ಶೇವಿಂಗ್ ವಿಡಿಯೋ ನೋಡೋದು ಶುರುವಾಯ್ತು ನೋಡಿ, ಈಗ ಮನೇಲಿ ನಾಲ್ಕು ರೇಜರ್, ಮೂರು ಬ್ರಶ್ಶು, ಎಂಟು ಡಬ್ಬ ಸೋಪು, ಬ್ಲೇಡಂತೂ 400ರ ಮೇಲಿದೆ. ಗಡ್ಡ ಮಾಡೋದು ದಿನ ಬಿಟ್ಟು ದಿನ. ಕೊರಿಯರ್ ಹುಡುಗ ಮೇನ್ ರೋಡಿಂದ ಫೋನ್ ಮಾಡ್ತಾನೆ, ಬೈಕಲ್ಲಿ ಹೋಗಿ ತಂದು ಆಫೀಸ್ ಡ್ರಾಯರಲ್ಲಿ ಇಟ್ಟು ಸಂಜೆ ಜಾಕೆಟ್ ಒಳಗೆ ಹಾಕ್ಕೊಂಡು ಮನೆಗೆ ಹೋಗ್ತೀನಿ. ಆದ್ರೂ ಹೆಂಡತಿಗೆ ಗೊತ್ತಾಗಿದೆ, "ನಿಮಗಿರೋದು ಒಂದೇ ಮುಖ ಅಲ್ವಾ" ಅಂದ್ಳು. ಮೊನ್ನೆ ಕೂತು ಕೂಡಿದ್ರೆ ₹26,000 ಹೋಗಿದೆ. ಈಗ ಸ್ಟೇನ್‌ಲೆಸ್ ಸ್ಟೀಲಿನ ರೇಜರ್ ಒಂದ್ರ ಮೇಲೆ ಮನಸ್ಸು ಬಿದ್ದಿದೆ, ₹14,000. ಇದೊಂದೇ ಕೊನೆ, ಆಮೇಲೆ ತಗೊಳ್ಳಲ್ಲ. ಅದು ಬೇಡ ಅಂದ್ರೆ ನನ್ನ ಹತ್ರ ಇರೋ ಎಡ್ವಿನ್ ಜ್ಯಾಗರ್ ಡಿಇ89 ಜೊತೆಗೆ ಮ್ಯೂಲೆ ಆರ್89 ರೇಜರ್ ಆದ್ರೂ ತಗೊಳ್ಳಲಾ? ಇಲ್ಲ, ತಡ್ಕೊಳ್ಳೋದಾದ್ರೂ ಹೇಗೆ ಹೇಳಿ.
ಹೆಸರು ಬೇಡ ಅಣ್ಣ, ಸಿದ್ದಾಪುರ

ಉತ್ತರ: ರೈಟ್ರೇ, ಮೊದಲು ಚಿಕ್ಕ ಪ್ರಶ್ನೆ ಮುಗಿಸಿಬಿಡೋಣ. ಆರ್89 ತಗೊಳ್ಳಬೇಡಿ, ಯಾಕಂದ್ರೆ ಅದು ನಿಮ್ಮ ಹತ್ರ ಈಗಾಗ್ಲೇ ಉಂಟು. ಎಡ್ವಿನ್ ಜ್ಯಾಗರ್ ಇಂಗ್ಲೆಂಡಿನ ಶೆಫೀಲ್ಡಿಂದು, ಮ್ಯೂಲೆ ಜರ್ಮನಿದು, ಆದ್ರೆ ಡಿಇ89 ಮತ್ತೆ ಆರ್89 ಎರಡರದ್ದೂ ತಲೆ ಒಂದೇ ಡಿಸೈನು. ಹಿಡಿ ಮಾತ್ರ ಬೇರೆ. ಗಡ್ಡ ತೆಗೆಯೋದು ತಲೆ, ಹಿಡಿ ಅಲ್ಲ. ಹೊಸ ಹಿಡಿಗೆ ಅಷ್ಟು ದುಡ್ಡು ಕೊಡೋದಾದ್ರೆ ಕೊಡಿ, ಹೊಸ ರೇಜರ್ ಅಂತ ಮಾತ್ರ ಅಂದ್ಕೋಬೇಡಿ.

ಇನ್ನು ₹14,000ದ್ದು. ಅದು ಮೋಸದ ಸಾಮಾನು ಅಂತ ನಾನು ಹೇಳಲ್ಲ. ಈಗ ನಿಮ್ಮ ಹತ್ರ ಇರೋ ಥರದ ರೇಜರ್‌ಗಳ ತಲೆ ಜಮಾಕ್ ಅನ್ನೋ ಸತುವಿನ ಮಿಶ್ರಲೋಹದ್ದು, ಅಚ್ಚಲ್ಲಿ ಎರಕ ಹೊಯ್ದು ಮೇಲೆ ಕ್ರೋಮ್ ಹಾಕಿರ್ತಾರೆ, ಪ್ಲೇಟಿಂಗ್ ಎದ್ರೆ ಒಳಗಿಂದ ತಿನ್ನೋಕೆ ಶುರುವಾಗ್ತದೆ, ಕೆಳಗೆ ಬಿದ್ರೆ ಸ್ಕ್ರೂ ಇರೋ ಕಡ್ಡಿ ಮುರಿಯೋದೂ ಉಂಟು. ಸ್ಟೀಲಿಂದು ಹಾಗಲ್ಲ, ಗಟ್ಟಿ ಸ್ಟೀಲನ್ನ ಮೆಷಿನಲ್ಲಿ ಕೊರೆದು ಮಾಡಿದ್ದು, ನಿಮ್ಮ ಮಗನ ಮಗನೂ ಬಳಸಬಹುದು. ರೇಟು ಹೋಗೋದು ಆ ಕೊರೆಯೋ ಕೆಲಸಕ್ಕೆ. ಆದ್ರೆ ಒಳಗೆ ಹಾಕೋ ಬ್ಲೇಡು ನೋಡಿ, ನಿಮ್ಮ ₹400ದ್ದಕ್ಕೂ ಅದೇ, ₹14,000ದ್ದಕ್ಕೂ ಅದೇ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ತಗಡು, ಬಸ್ ಸ್ಟ್ಯಾಂಡ್ ಹತ್ರದ ಫ್ಯಾನ್ಸಿ ಸ್ಟೋರಲ್ಲಿ ಚಿಲ್ಲರೆಗೆ ಸಿಗೋದು. ಕೆನ್ನೆಗೆ ತಾಗೋದು ಅದು. ತಲೆಯ ಆಕಾರದಿಂದ ವ್ಯತ್ಯಾಸ ಆಗೋದು ನಿಜ, ಬ್ಲೇಡು ಹೊರಗೆ ಎಷ್ಟು ಚಾಚಿದೆ, ಕೆಳಗಿನ ಪಟ್ಟಿಗೂ ಬ್ಲೇಡಿಗೂ ಗ್ಯಾಪ್ ಎಷ್ಟು, ಇದ್ರ ಮೇಲೆ ಒಂದು ಮೆತ್ತಗೆ ಅನ್ಸ್ತದೆ, ಒಂದು ಚುರುಕು ಅನ್ಸ್ತದೆ. ಅದು ಆಕಾರದ ಮಾತು, ರೇಟಿನ ಮಾತಲ್ಲ. ಅಗ್ಗದ್ರಲ್ಲೂ ಮೆತ್ತಗಿಂದು ಇದೆ, ದುಬಾರಿದ್ರಲ್ಲೂ ಕತ್ತರಿಸಿ ಹಾಕೋವು ಇದಾವೆ.

ಈಗ ನಿಮ್ಮ ಭಾಷೆಲೇ ಲೆಕ್ಕ ಹಾಕ್ತೀನಿ. ಒಂದು ಬ್ಲೇಡು ನಾಲ್ಕು ಸಲ ಬರ್ತದೆ ಅಂತ ಇಟ್ಕೊಳ್ಳಿ, 400 ಬ್ಲೇಡಿಗೆ 1600 ಶೇವು. ದಿನ ಬಿಟ್ಟು ದಿನ ಅಂದ್ರೆ ವರ್ಷಕ್ಕೆ ಹೆಚ್ಚು ಕಡಿಮೆ 180. ಹತ್ತಿರ ಹತ್ತಿರ ಒಂಬತ್ತು ವರ್ಷ ನೀವು ಬ್ಲೇಡಿನ ಅಂಗಡಿ ಮುಂದೆ ನಿಲ್ಲೋದೇ ಬೇಡ. ಸೋಪಿನ ಡಬ್ಬ ಒಂದು, ನಿಮ್ಮ ಥರ ಬಳಸೋರಿಗೆ ಅರ್ಧ ವರ್ಷ ಆರಾಮಾಗಿ ಬರ್ತದೆ, ಎಂಟು ಡಬ್ಬ ಅಂದ್ರೆ ನಾಲ್ಕು ವರ್ಷ. ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದುಂಟು. ಆ 180 ಶೇವನ್ನ ನಾಲ್ಕು ರೇಜರಿಗೆ ಹಂಚಿದ್ರೆ ಒಂದೊಂದಕ್ಕೆ 45. ಒಂದೊಂದಕ್ಕೂ ಬೇರೆ ಬೇರೆ ಬ್ಲೇಡು, ಬೇರೆ ಬೇರೆ ಸೋಪು. ಯಾವುದಕ್ಕೂ ಕೈ ಕೂರಲ್ಲ. ಕೈ ಕೂರದೆ ಒಂದಿನ ಗಂಟಲ ಹತ್ರ ಗಾಯ ಆಗ್ತದೆ, ಆಗ ಓ ಇದು ರೇಜರಿನ ದೋಷ ಅನ್ಸಿ ರಾತ್ರಿ ವಿಡಿಯೋ ನೋಡ್ತೀರಿ, ಅವನು ಇನ್ನೊಂದು ತೋರಿಸ್ತಾನೆ, ಹೀಗೆ. ಐದನೇದು ಬಂದ್ರೆ ಒಂದೊಂದಕ್ಕೆ 36 ಆಗ್ತದೆ ಅಷ್ಟೇ.

ಒಳ್ಳೇ ಶೇವ್ ಎಲ್ಲಿಂದ ಬರ್ತದೆ ಅಂತ ಕೇಳಿದ್ರೆ ನನ್ನ ಉತ್ತರ ನೀರು ಮತ್ತೆ ಕೈ. ಗಡ್ಡದ ಕೂದಲು ಬಿಸಿ ನೀರಲ್ಲಿ ಎರಡು ಮೂರು ನಿಮಿಷ ನೆನೆದ್ರೆ ಮೆತ್ತಗಾಗಿ ಸುಲಭಕ್ಕೆ ತುಂಡಾಗ್ತದೆ, ಒಣ ಕೂದಲಿಗೆ ಎಂಥ ಬ್ಲೇಡ್ ಹಾಕಿದ್ರೂ ಎಳೀತದೆ. ಸ್ನಾನ ಮುಗಿಸ್ಕೊಂಡು ಹಂಡೆ ನೀರಿನ ಶಾಖ ಮುಖದಲ್ಲಿ ಇರೋವಾಗ್ಲೇ ಕೂತ್ಕೊಳ್ಳಿ. ಕ್ರೀಮು ಬ್ರಶ್ಶಿಗೆ ಹಾಕಿ ಮೊದಲು ಸ್ವಲ್ಪ ಗಟ್ಟಿಯಾಗೇ ತಿರುಗಿಸಿ, ಆಮೇಲೆ ಬ್ರಶ್ಶಿನ ತುದಿ ನೀರಿಗೆ ಮುಟ್ಟಿಸಿ ಮುಟ್ಟಿಸಿ ಹನಿ ಹನಿ ಸೇರಿಸ್ತಾ ಹೋಗಿ. ದೊಡ್ಡ ದೊಡ್ಡ ಗುಳ್ಳೆ ಬಂದ್ರೆ ನೀರು ಜಾಸ್ತಿ ಆಯ್ತು, ಮುಖದ ಮೇಲೆ ಸುಣ್ಣ ಬಳಿದಂಗೆ ಒಣಗಿದ್ರೆ ಕಮ್ಮಿ ಆಯ್ತು. ಎರಡು ಬೆರಳ ಮಧ್ಯೆ ನೊರೆ ಉಜ್ಜಿ ನೋಡಿ, ಬೆರಳು ಒಂದಕ್ಕೊಂದು ನಿಲ್ಲದೆ ಜಾರ್ಬೇಕು, ಅಷ್ಟೇ ಪರೀಕ್ಷೆ. ಮನೆಯ ಬೋರ್‌ವೆಲ್ ನೀರು ಗಡಸಾಗಿದ್ರೆ ಅದ್ರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೊರೆ ಬದಲು ಕೊಳೆ ಆಗ್ತದೆ, ಆಗ ಜನ ಸೋಪಿಗೆ ಬೈದು ಇನ್ನೊಂದು ದುಬಾರಿ ಸೋಪು ತರಿಸ್ತಾರೆ. ನಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಆಕಾಶದಿಂದ ಪುಕ್ಕಟೆ ಮೆದು ನೀರು ಬೀಳ್ತದಲ್ಲ, ಹಂಚಿನ ತುದಿಯಲ್ಲಿ ಒಂದು ಚೆಂಬು ಹಿಡಿದು ಕಾಯಿಸಿ ಅದ್ರಲ್ಲಿ ಅದೇ ಸೋಪಿನ ನೊರೆ ಮಾಡಿ ನೋಡಿ, ಆಮೇಲೆ ಸೋಪಿಗೆ ಬೈಯೋಣ.

ಕೈ ಅಂದೆನಲ್ಲ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಇರ್ಬೇಕು, ರೇಜರಿನ ತಲೆ ಕೆನ್ನೆಗೆ ಒರಗಿಸಿ ಹಿಡಿಯನ್ನ ನಿಧಾನ ಕೆಳಗಿಳಿಸ್ತಾ ಬನ್ನಿ, ಎಲ್ಲಿ ಕತ್ತರಿಸೋಕೆ ಶುರು ಮಾಡ್ತದೋ ಅದೇ ಜಾಗ. ಒತ್ತಬಾರದು. ಕಾರ್ಟ್ರಿಜ್ ಬಳಸಿದವ್ರಿಗೆ ಒತ್ತೋ ಅಭ್ಯಾಸ ಬಿಡೋದೇ ಕಷ್ಟ. ಮೊದಲ ಸುತ್ತು ಕೂದಲು ಬೆಳೆಯೋ ಕಡೆಗೆ, ಗಂಟಲ ಹತ್ರ ಕೂದಲು ಯಾವ ಕಡೆ ಬೆಳೀತದೆ ಅಂತ ಬೆರಳಾಡಿಸಿ ನೋಡ್ಕೊಳ್ಳಿ, ತುಂಬಾ ಜನಕ್ಕೆ ಅಲ್ಲಿ ಅಡ್ಡಡ್ಡ ಇರ್ತದೆ. ಮುಗಿದ ಮೇಲೆ ಒಂದು ತುಂಡು ಪಟಿಕ ಒದ್ದೆ ಮಾಡಿ ಸವರಿ, ಎಲ್ಲಿ ಜಾಸ್ತಿ ಉರೀತದೋ ಅಲ್ಲಿ ನೀವು ಒತ್ತಿದೀರಿ ಅಂತ ಅರ್ಥ. ಇಷ್ಟು ಸರಿಯಾಗಿ ಹೇಳೋ ಮೇಷ್ಟ್ರು ಯಾವ ವಿಡಿಯೋದಲ್ಲೂ ಇಲ್ಲ, ದಿನಸಿ ಅಂಗಡೀಲಿ ಕೆಲವೇ ರೂಪಾಯಿಗೆ ಸಿಗ್ತಾನೆ.

ನಮ್ಮ ಜಿಲ್ಲೇಲಿ ಮನೆಗೊಬ್ರು ಅನ್ನೋ ಹಾಗೆ ರಿಟೈರ್ಡ್ ಮಿಲಿಟರಿಯವ್ರು ಇದಾರೆ. ಬೆಳಿಗ್ಗೆ ಅವ್ರ ಮುಖ ನೋಡಿ, ಹೊಳೀತಿರ್ತದೆ. ಕ್ಯಾಂಟೀನಿಂದ ತಂದ ಕ್ರೀಮು, ಸೆವೆನ್ ಓ ಕ್ಲಾಕೋ ಟೋಪಾಜೋ ಒಂದು ಬ್ಲೇಡು, ಹಿಡಿ ಸವೆದ ಸೆಟ್ಟು, ಇಷ್ಟೇ ಸಾಮಾನು. ಕಿಟಕಿ ಸರಳಿಗೆ ಕನ್ನಡಿ ಸಿಗಿಸ್ಕೊಂಡು ರೇಡಿಯೋ ವಾರ್ತೆ ಮುಗಿಯೋದ್ರೊಳಗೆ ಎದ್ದಿರ್ತಾರೆ. ಅವ್ರ ಹತ್ರ ಹೋಗಿ ಬ್ಲೇಡಿನ ಗ್ಯಾಪ್ ಎಷ್ಟು ಅಂತ ಕೇಳಿ ನೋಡಿ ಬೇಕಾದ್ರೆ.

ಈ ಹುಚ್ಚು ಹತ್ತೋದ್ರಲ್ಲಿ ನಿಮ್ಮ ತಪ್ಪು ಪೂರ್ತಿ ಇಲ್ಲ ಅಂತ್ಲೂ ಹೇಳ್ಬೇಕು. ಜಿಲೆಟ್ ಕಂಪನಿ 1903ರಲ್ಲಿ ಈ ಒಂದೇ ಬ್ಲೇಡಿನ ಸೆಟ್ಟಿನ ಮಾರಾಟ ಶುರು ಮಾಡಿದಾಗ ವರ್ಷಪೂರ್ತಿ ಹೋಗಿದ್ದು 51 ರೇಜರು, 168 ಬ್ಲೇಡು. ಮಾರನೇ ವರ್ಷ 90,000 ರೇಜರು ದಾಟ್ತು. ಮೊದಲನೇ ಮಹಾಯುದ್ಧಕ್ಕೆ ಹೊರಟ ಅಮೆರಿಕಾದ ಸೈನಿಕರಿಗೂ ಈ ಸೆಟ್ಟೇ ಕೊಟ್ರು, ಅವ್ರು ಅದೇ ಅಭ್ಯಾಸ ಮನೆಗೆ ತಗೊಂಡು ಬಂದ್ರು. ಆ ಪೇಟೆಂಟೆಲ್ಲ ಯಾವಾಗ್ಲೋ ಮುಗಿದು ಈಗ ಯಾರು ಬೇಕಾದ್ರೂ ಇಂಥ ಬ್ಲೇಡ್ ಮಾಡಬಹುದು, ಅದಕ್ಕೇ ಅಗ್ಗ. 1998ರಲ್ಲಿ ಜಿಲೆಟ್ಟಿನವ್ರ ಮೂರು ಬ್ಲೇಡಿನ ಮ್ಯಾಕ್3, 2006ರಲ್ಲಿ ಐದು ಬ್ಲೇಡಿನ ಫ್ಯೂಜನ್ ಬಂದಿದ್ದೂ ಅಂಥ ಕಾರ್ಟ್ರಿಜ್ ಅವ್ರ ಹತ್ರಾನೇ ತಗೊಳ್ಳಲಿ ಅಂತ. ನೀವು ಅದ್ರಿಂದ ತಪ್ಪಿಸ್ಕೊಂಡು ಬಂದ್ರಿ, ಬ್ಲೇಡಲ್ಲಿ ನಿಮ್ಮಿಂದ ದುಡ್ಡು ಹುಟ್ಟಲ್ಲ. ಹುಟ್ಟೋದು ಹಿಡೀಲಿ, ಬ್ರಶ್ಶಲ್ಲಿ, ಡಬ್ಬದ ಮೇಲಿನ ಚಿತ್ರದಲ್ಲಿ, ವಾಸನೇಲಿ. ಅದಕ್ಕೇ ವಾರಕ್ಕೊಂದು ಹೊಸ ಸೋಪು ಬರ್ತಾನೇ ಇರ್ತದೆ, ಇದು ನನ್ನ ಅಭಿಪ್ರಾಯ ಅಂತ ಇಟ್ಕೊಳ್ಳಿ.

ಇನ್ನು ಕೊಡಗಿನ ವಿಷಯ. ವಿಡಿಯೋ ಮಾಡೋರು ಕೂತಿರೋ ಊರಲ್ಲಿ ಬ್ರಶ್ಶು ಒಂದು ರಾತ್ರೀಲಿ ಒಣಗ್ತದೆ. ನಮ್ಮಲ್ಲಿ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಚಡ್ಡಿ ಬನಿಯನ್ನೇ ಒಲೆ ಮೇಲೆ ಕಟ್ಟಿ ಒಣಗಿಸ್ಬೇಕು, ಬೀರುವಿನಲ್ಲಿರೋ ಬೆಲ್ಟು ಶೂಸು ಬೂಷ್ಟು ಹಿಡಿದು ಬೆಳ್ಳಗಾಗಿರ್ತದೆ. ಅಂಥ ಕಡೆ ಬ್ಯಾಡ್ಜರ್ ಅನ್ನೋ ಪ್ರಾಣಿಯ ಕೂದಲಿನ ಬ್ರಶ್ಶು ನೀರು ಹೀರ್ಕೊಂಡು ಬುಡದಲ್ಲಿ ಹಸಿ ಇಟ್ಕೊಂಡಿರ್ತದೆ. ಹಂದಿ ಕೂದಲಿಂದೂ ಅಷ್ಟೇ. ನಿಮ್ಮ ಮೂರು ಬ್ರಶ್ಶಲ್ಲಿ ಬ್ಯಾಡ್ಜರಿಂದು ಒಂದಿದ್ರೆ ಅದನ್ನ ಬೇಸಿಗೆಗೆ ಇಟ್ಕೊಳ್ಳಿ, ಮಳೆಗಾಲಕ್ಕೆ ಸಿಂಥೆಟಿಕ್ ಬ್ರಶ್ಶು, ಅದು ನೀರು ಹೀರಲ್ಲ, ಝಾಡಿಸಿದ್ರೆ ಅರ್ಧ ಒಣಗಿರ್ತದೆ, ರೇಟೂ ಕಮ್ಮಿ. ಬಳಸಿದ ಮೇಲೆ ನೊರೆ ಪೂರ್ತಿ ಹೋಗೋ ತನಕ ತೊಳೆದು ಟವೆಲಿಗೆ ಒತ್ತಿ, ಬಚ್ಚಲಲ್ಲಿ ಬಿಡದೆ ಅಡುಗೆಮನೆ ಕಿಟಕಿ ಕಡೆ ಇಡಿ. ಮುಚ್ಚಿದ ಡಬ್ಬಕ್ಕೆ ಹಾಕ್ಬೇಡಿ. ಬಾಕ್ಸಲ್ಲಿಟ್ಟಿರೋ ಆ 400 ಬ್ಲೇಡಿಗೂ ತೇವ ಒಳ್ಳೇದಲ್ಲ, ಬಚ್ಚಲ ಕಪಾಟಿಂದ ತೆಗೆದು ಒಣಗಿದ ಜಾಗದಲ್ಲಿ ಗಾಳಿಯಾಡದ ಡಬ್ಬಕ್ಕೆ ಹಾಕಿ.

ತಡ್ಕೊಳ್ಳೋದು ಹೇಗೆ ಅಂದ್ರಲ್ಲ. ತೋಟದ ಕೂಲಿಯವ್ರ ಹಾಜರಿ ಪುಸ್ತಕ, ಅಂದ್ರೆ ಚೆಕ್‌ರೋಲ್ ಬರೆಯೋರು ನೀವು, ರೇಜರಿಗೂ ಒಂದು ಚೆಕ್‌ರೋಲ್ ಮಾಡಿ. ಕ್ಯಾಲೆಂಡರಲ್ಲಿ ಶೇವ್ ಮಾಡಿದ ದಿನ ಯಾವ ರೇಜರು, ಯಾವ ಸೋಪು ಅಂತ ಒಂದು ಅಕ್ಷರ ಹಾಕ್ಕೊಂಡು ಹೋಗಿ. ಮಳೆಗಾಲ ಮುಗಿಯೋ ಹೊತ್ತಿಗೆ ಯಾರು ಕೆಲಸಕ್ಕೇ ಬಂದಿಲ್ಲ ಅಂತ ಗೊತ್ತಾಗ್ತದೆ, ಅವ್ರ ಹೆಸರು ಹೊಡೆದು ಹಾಕಿ ಮಾರಿ, ಇಲ್ಲಾ ಮೀಸೆ ಮೂಡ್ತಿರೋ ಅಕ್ಕನ ಮಗನಿಗೆ ಕೊಡಿ. ಸದ್ಯಕ್ಕೆ ಒಂದು ರೇಜರು, ಒಂದು ಬ್ರಶ್ಶು, ಒಂದು ಸೋಪು ಹೊರಗಿರಲಿ, ಉಳಿದಿದ್ದನ್ನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿ. ಏನಾದ್ರೂ ಬದಲಾಯಿಸಲೇಬೇಕು ಅಂತ ಕೈ ತುರಿಸಿದ್ರೆ ಬ್ಲೇಡಿನ ಕಂಪನಿ ಬದಲಾಯಿಸಿ ನೋಡಿ, ಒಬ್ಬರ ಮುಖಕ್ಕೆ ಆಗೋ ಬ್ಲೇಡ್ ಇನ್ನೊಬ್ಬರಿಗೆ ಆಗಲ್ಲ, ಆ ಪ್ರಯೋಗಕ್ಕೆ ಖರ್ಚೂ ಇಲ್ಲ, ನಿಮ್ಮ ಹತ್ರ ಬೇಕಾದಷ್ಟು ಇದಾವೆ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಇಲ್ಲಾಂದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಸೋಪು ಹೊಸದು ತೆಗೆಯೋ ಮೊದಲು ಹಳೇದ್ರ ತಳ ಕಾಣ್ಬೇಕು. ಶಾಪಿಂಗ್ ಆ್ಯಪಲ್ಲಿ ಕಾರ್ಡು ಸೇವ್ ಆಗಿದ್ರೆ ಅಳಿಸಿ, ರಾತ್ರಿ ಹತ್ತರ ಮೇಲೆ ಹದಿನಾರಂಕಿ ಟೈಪ್ ಮಾಡೋ ಸೋಮಾರಿತನ ತುಂಬಾ ದುಡ್ಡು ಉಳಿಸ್ತದೆ.

ಒಂದು ಮಾತು ಒರಟಾಗಿ ಹೇಳ್ತೀನಿ. ನಿಮಗೆ ಇಷ್ಟ ಆಗ್ತಿರೋದು ಶೇವಲ್ಲ, ಪಾರ್ಸೆಲ್. ಅದೇನು ಮಹಾಪಾಪ ಅಲ್ಲ, ಒಬ್ಬೊಬ್ರಿಗೆ ಒಂದೊಂದು ಖಯಾಲಿ, ನಮ್ಮಲ್ಲಿ ಕೋವಿ ಎಣ್ಣೆ ಹಾಕಿ ಒರೆಸೋದ್ರಲ್ಲೇ ಭಾನುವಾರ ಕಳೆಯೋರಿಲ್ವಾ. ಖಯಾಲಿಗೆ ವರ್ಷಕ್ಕಿಷ್ಟು ಅಂತ ಹೆಂಡತಿ ಹತ್ರ ಕೂತು ಮಾತಾಡಿ ತೆಗೆದಿಡಿ, ಅದ್ರೊಳಗೆ ಏನು ಬೇಕಾದ್ರೂ ತಗೊಳ್ಳಿ, ಯಾರೂ ಕೇಳಲ್ಲ. ಆ ಸ್ಟೀಲಿಂದೂ ಬೇಕಿದ್ರೆ ಹಾಗೇ ಎರಡು ವರ್ಷ ಕೂಡಿಟ್ಟು ತಗೊಳ್ಳಿ, ಅಷ್ಟರೊಳಗೆ ಬೇಡ ಅನ್ಸಿದ್ರೂ ಅನ್ಸಬಹುದು. ₹26,000ಕ್ಕಿಂತ ನನಗೆ ಕಸಿವಿಸಿ ಆಗಿದ್ದು ಆ ಜಾಕೆಟಿನ ವಿಷಯ. ಮೇಜಿನ ಮೇಲೆ ಬಿಚ್ಚೋಕಾಗದ ಪಾರ್ಸೆಲ್ ತರಿಸ್ಬೇಡಿ.

ಪ್ರಶ್ನೆ: ನಮ್ಮ ಅಜ್ಜ ಮಿಲಿಟರೀಲಿ ಇದ್ದವರು, ಅವರ ಟ್ರಂಕಲ್ಲಿ ಹಳೇ ಜಿಲೆಟ್ ಸಿಕ್ಕಿದೆ, ಹಿಡಿ ಕೆಳಗೆ ತಿರುಗಿಸಿದ್ರೆ ಮೇಲೆ ಎರಡು ಬಾಗಿಲು ತೆರೆಯೋ ಥರದ್ದು. ಅಲ್ಲಲ್ಲಿ ಹಸಿರು ಕಿಲುಬು. ದುಡ್ಡು ಕೊಟ್ಟು ಹೊಸ ಪ್ಲೇಟಿಂಗ್ ಮಾಡಿಸಲಾ? ಇದ್ರ ಜೊತೆ ಇನ್ನೆರಡು ಹಳೇವು ಸೇರಿಸಿದ್ರೆ ಕಲೆಕ್ಷನ್ ಆಗ್ತದೆ ಅಂತಾನೂ ಆಸೆ.
ವಿರಾಜಪೇಟೆಯ ಓದುಗ

ಉತ್ತರ: ಹಸಿರು ಕಿಲುಬು ಕಂಡ್ರೆ ಖುಷಿಪಡಿ, ಒಳಗೆ ಹಿತ್ತಾಳೆ ಉಂಟು ಅಂತ. ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಟೂತ್‌ಬ್ರಶ್ಶು, ಇಷ್ಟರಲ್ಲೇ ಮುಕ್ಕಾಲು ಕೊಳೆ ಹೋಗ್ತದೆ. ಹಿತ್ತಾಳೆ ಅಂದ ತಕ್ಷಣ ಮನೇಲಿ ಯಾರಾದ್ರೂ ಹುಣಸೆಹುಳಿ ತರ್ತಾರೆ, ಬೇಡ ಅನ್ನಿ, ಮೇಲಿನ ಪ್ಲೇಟಿಂಗಿಗೆ ಹುಳಿ ಆಗಲ್ಲ. ಕುದಿಸೋದೂ ಬೇಡ. ಒಣಗಿಸಿ, ಬಾಗಿಲು ತಿರುಗೋ ಜಾಗಕ್ಕೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ, ಕೊನೆಗೆ ಸ್ಪಿರಿಟಲ್ಲಿ ಒರೆಸಿ ಹೊಸ ಬ್ಲೇಡ್ ಹಾಕಿ. ಬಾಗಿಲು ಎರಡೂ ಸಮವಾಗಿ ಮುಚ್ಕೊಂಡು ಬ್ಲೇಡು ಎರಡು ಕಡೆನೂ ಒಂದೇ ಅಳತೆಗೆ ಕಾಣ್ತಿದ್ರೆ ಧಾರಾಳವಾಗಿ ಶೇವ್ ಮಾಡಿ. ಪ್ಲೇಟಿಂಗ್ ಯಾಕೆ? ಅಜ್ಜನ ಕೈ ಸವೆಸಿದ್ದನ್ನ ದುಡ್ಡು ಕೊಟ್ಟು ಅಳಿಸಿದಂಗೆ. ತಲೆಯ ಕೆಳಭಾಗದಲ್ಲಿ ಒಂದು ಅಕ್ಷರ, ಒಂದು ಅಂಕಿ ಕೆತ್ತಿದ್ಯಾ ನೋಡಿ, ಹಳೇ ಜಿಲೆಟ್‌ಗಳಲ್ಲಿ ಅಕ್ಷರ ತಯಾರಾದ ವರ್ಷಕ್ಕೆ, ಅಂಕಿ ಆ ವರ್ಷದ ಎಷ್ಟನೇ ಮೂರು ತಿಂಗಳು ಅನ್ನೋದಕ್ಕೆ. ಅದನ್ನ ಪತ್ತೆ ಮಾಡೋದ್ರಲ್ಲೇ ಒಂದು ಸಂಜೆ ಚೆನ್ನಾಗಿ ಹೋಗ್ತದೆ. ಇನ್ನೆರಡು ತಗೊಳ್ಳಬೇಕಾ ಅಂದ್ರೆ, ಅವು ನಿಮ್ಮ ಅಜ್ಜಂದಲ್ಲವಲ್ಲ.

ಪ್ರಶ್ನೆ: ಸಲೂನಲ್ಲಿ ಬಳಸೋ ಥರ ಉದ್ದ ಕತ್ತಿ, ಜರ್ಮನಿದು, ಚರ್ಮದ ಪಟ್ಟಿ ಸಮೇತ ತಗೊಳ್ಳೋ ಆಸೆ. ಕತ್ತಿ ಒಂದು ಸಲ ತಗೊಂಡ್ರೆ ಬ್ಲೇಡಿನ ಖರ್ಚೇ ಇಲ್ಲ ಅಲ್ವಾ?
ಸೋಮವಾರಪೇಟೆ ಯುವಕ

ಉತ್ತರ: ಬ್ಲೇಡಿನ ಖರ್ಚಿಲ್ಲ, ಉಳಿದಿದ್ದೆಲ್ಲ ಉಂಟು. ಪ್ರತಿ ಸಲ ಪಟ್ಟಿಗೆ ಸವರ್ಬೇಕು, ಆಗಾಗ ಸಾಣೆ ಕಲ್ಲಿಗೆ ಕೊಡ್ಬೇಕು, ಕಲ್ಲು ಒಂದಲ್ಲ, ಒರಟಿಂದ ನಯಕ್ಕೆ ಎರಡು ಮೂರು, ಒಳ್ಳೇ ಕಲ್ಲಿನ ರೇಟು ಕೇಳಿದ್ರೆ ಕತ್ತಿನೇ ಅಗ್ಗ ಅನ್ಸಬಹುದು. ಕಾರ್ಬನ್ ಸ್ಟೀಲ್ ಆದ್ರೆ ನಿಮ್ಮೂರ ಮಳೆಗೆ ತುಕ್ಕು, ಪಟ್ಟಿಗೆ ಬೂಷ್ಟು. ನಮ್ಮ ಸಲೂನಿನವ್ರು ಈಗ ಹಿಡಿಯೋದು ಬ್ಲೇಡನ್ನ ಅರ್ಧ ಮುರಿದು ಸಿಗಿಸೋ ಕತ್ತಿ, ಅದು ಕೆಲವು ನೂರಕ್ಕೆ ಸಿಗ್ತದೆ. ಆಸೆ ಎಷ್ಟು ಗಟ್ಟಿ ಅಂತ ಅದ್ರಲ್ಲಿ ಒಂದು ಮಳೆಗಾಲ ನೋಡಿ. ಮೊದಲ ವಾರ ಮೂಗಿನ ಕೆಳಗೆ ಹೋಗ್ಬೇಡಿ, ಕೆನ್ನೆ ಮಾತ್ರ.

ಪ್ರಶ್ನೆ: ಪುತ್ತರಿ ಹಬ್ಬಕ್ಕೆ ನಮ್ಮ ಮನೆಯವ್ರಿಗೆ ಶೇವಿಂಗ್ ಗಿಫ್ಟ್ ಸೆಟ್ ಕೊಡೋಣ ಅಂತ, ಬ್ರಶ್ಶು, ಬಟ್ಟಲು, ಸ್ಟ್ಯಾಂಡು ಎಲ್ಲಾ ಮರದ ಪೆಟ್ಟಿಗೇಲಿ ಬರ್ತದಲ್ಲ ಅದು. ಅವ್ರು ಈಗ ಬಳಸೋದು ಪ್ಲಾಸ್ಟಿಕ್ ಹಿಡಿ ಬ್ರಶ್ಶು. ತಗೊಳ್ಳಬಹುದಾ ಅಣ್ಣ?
ನಾಪೋಕ್ಲಿನ ಒಬ್ಬ ಸಹೋದರಿ

ಉತ್ತರ: ಪೆಟ್ಟಿಗೆ ಬಿಡಿ ಅಕ್ಕ, ಅದು ಮರದ್ದು, ಬಚ್ಚಲಲ್ಲಿ ಉಬ್ಬಿಕೊಳ್ತದೆ. ಮುಗಿದುಹೋಗೋ ಸಾಮಾನು ಕೊಡಿ, ಒಂದು ಒಳ್ಳೇ ಸೋಪು, ಅವ್ರಿಗೆ ಇಷ್ಟವಾದ ವಾಸನೇದು, ಜೊತೆಗೆ ಒಂದು ಸಿಂಥೆಟಿಕ್ ಬ್ರಶ್ಶು. ಬಟ್ಟಲು ಅಡುಗೆಮನೇಲಿ ಬೇಕಾದಷ್ಟಿರ್ತದೆ, ಸ್ಟೀಲಿಂದು ಒಂದು ಕೊಟ್ಬಿಡಿ. ಸ್ಟ್ಯಾಂಡಂತೂ ಬೇಡವೇ ಬೇಡ, ಆಮೇಲೆ ದಿನಾ ಅದ್ರ ಮೇಲಿನ ನೀರಿನ ಕಲೆ ಒರೆಸೋರು ನೀವೇ.